ಏಳು ವರ್ಷಕ್ಕೊಮ್ಮೆ ದೇಹ ಪೂರ್ತಿ ಹೊಸದಾಗುತ್ತದೆಯೇ? ಇಲಿಗಳಲ್ಲಿ ಉತ್ತರ ಹುಡುಕಿದ ಶೋನ್‌ಹೈಮರ್ ಕತೆ

ಏಳು ವರ್ಷಕ್ಕೊಮ್ಮೆ ನಮ್ಮ ದೇಹ ಪೂರ್ತಿ ಬದಲಾಗುತ್ತದೆ ಎಂಬ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರಲ್ಲಿ ಅರ್ಧ ಸತ್ಯವಿದೆ, ಲೆಕ್ಕ ಮಾತ್ರ ತಪ್ಪು. ಆ ಅರ್ಧ ಸತ್ಯವನ್ನು ಅಳೆದು ತೋರಿಸಿದವರು ರುಡಾಲ್ಫ್ ಶೋನ್‌ಹೈಮರ್. ಜೀವರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಆದರೆ ಫಾರ್ವರ್ಡುಗಳಲ್ಲಿ ನಾವು ಅದನ್ನು ಎಂದೂ ಕಂಡಿಲ್ಲ.

ಶೋನ್‌ಹೈಮರ್ 1898ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಆಮೇಲೆ ವೈದ್ಯಕೀಯ ಓದಿ, ಫ್ರೈಬರ್ಗ್‌ನಲ್ಲಿ ಕೊಲೆಸ್ಟರಾಲ್ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಜರ್ಮನಿಯಲ್ಲಿ ಅವರಿಗೆ ಜಾಗ ಉಳಿಯಲಿಲ್ಲ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿ ಹೆರಾಲ್ಡ್ ಯೂರಿ ಇದ್ದರು, ಭಾರದ ಹೈಡ್ರೋಜನ್ ಕಂಡುಹಿಡಿದವರು. ಯೂರಿಯವರ ಪ್ರಯೋಗಾಲಯದಿಂದ ಬಂದ ಡೇವಿಡ್ ರಿಟನ್‌ಬರ್ಗ್ ಜೊತೆ ಸೇರಿ ಶೋನ್‌ಹೈಮರ್ ಒಂದು ಉಪಾಯ ಮಾಡಿದರು. ಕುರಿ ಕಾಯುವವರು ತಮ್ಮ ಕುರಿಗೆ ಬಣ್ಣ ಬಳಿದು ಗುರುತು ಇಡುತ್ತಾರಲ್ಲ, ಹಾಗೆ ಆಹಾರದ ಅಣುಗಳಿಗೇ ಗುರುತು ಹಾಕುವುದು! ಮೊದಲು ಭಾರದ ಹೈಡ್ರೋಜನ್, ಆಮೇಲೆ ಭಾರದ ನೈಟ್ರೋಜನ್. (ಇವು ವಿಕಿರಣ ಸೂಸುವುದಿಲ್ಲ, ತೂಕ ಸ್ವಲ್ಪ ಹೆಚ್ಚು ಅಷ್ಟೇ.)

ಬೆಳೆದ ದೇಹದ ಪ್ರೋಟೀನು ಕಟ್ಟಿದ ಮನೆಯಂತೆ ಹೆಚ್ಚೂಕಡಿಮೆ ಸ್ಥಿರ, ತಿಂದ ಪ್ರೋಟೀನು ಬಹುಪಾಲು ಇಂಧನದಂತೆ ಉರಿದುಹೋಗುತ್ತದೆ ಎಂದೇ ಆಗ ನಂಬಿಕೆ. ತೂಕ ಬದಲಾಗದ ದೊಡ್ಡ ಇಲಿಗಳಿಗೆ ಗುರುತು ಹಾಕಿದ ಲ್ಯೂಸಿನ್ ಎಂಬ ಅಮೈನೋ ಆಮ್ಲ ತಿನ್ನಿಸಿದರು. ನಂಬಿಕೆ ನಿಜವಾಗಿದ್ದರೆ ಗುರುತಿನ ನೈಟ್ರೋಜನ್ ಹೆಚ್ಚಾಗಿ ಮೂತ್ರದಲ್ಲಿ ಬರಬೇಕಿತ್ತು. ಬಂದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಇಲಿಯ ದೇಹದ ಪ್ರೋಟೀನುಗಳಲ್ಲೇ ಸೇರಿಕೊಂಡಿತ್ತು. ಇಲಿಯ ತೂಕ ಏರಿಲ್ಲ ಎಂದರೆ ಅಷ್ಟೇ ಹಳೆಯದು ಒಡೆದು ಹೋಗಿರಬೇಕು. ಮನೆ ನಿಂತೇ ಇದೆ, ಇಟ್ಟಿಗೆಗಳು ಬದಲಾಗುತ್ತಲೇ ಇವೆ.

ಕೀರ್ತಿ ಬಂತು. ಆದರೆ ಖಿನ್ನತೆ ಅವರನ್ನು ಬಿಡಲಿಲ್ಲ. 1941ರ ಸೆಪ್ಟೆಂಬರ್‌ನಲ್ಲಿ, 43ನೇ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಹಾರ್ವರ್ಡ್‌ನಲ್ಲಿ ಅವರು ಕೊಡಬೇಕಿದ್ದ ಉಪನ್ಯಾಸಗಳನ್ನು ಸಹೋದ್ಯೋಗಿ ಹ್ಯಾನ್ಸ್ ಕ್ಲಾರ್ಕ್ ಓದಿದರು. ಮರುವರ್ಷ ಅವು ಪುಸ್ತಕವಾದವು.

ಯಾವ ಪ್ರೋಟೀನು ಒಡೆಯಬೇಕೆಂದು ಜೀವಕೋಶ ಆರಿಸುವುದು ಹೇಗೆ? ಅದಕ್ಕೆ ಉತ್ತರ ಸಿಕ್ಕಿದ್ದು ದಶಕಗಳ ನಂತರ. 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಯುಬಿಕ್ವಿಟಿನ್ ಚೀಟಿಯಂತೆ ಅಂಟಿಕೊಳ್ಳುತ್ತದೆ. ಚೀಟಿ ಬಿದ್ದದ್ದು ಒಡೆಯಲು ಹೋಗುತ್ತದೆ. ಇದಕ್ಕೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸೂಮೋ, ನೆಡ್-8 ಎಂಬ ಅದರ ಬಂಧುಗಳೂ ಇವೆ. ಸೂಮೋ ಅಂಟಿದರೆ ಪ್ರೋಟೀನು ಸಾಮಾನ್ಯವಾಗಿ ಒಡೆಯುವುದಿಲ್ಲ, ಅದರ ಜಾಗವೋ ಕೆಲಸವೋ ಬದಲಾಗುತ್ತದೆ. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾಗೆ ಸೇರಿಸಿ ಇವನ್ನು ತಯಾರಿಸಿ, ಸಂಶೋಧನೆಗೆಂದೇ ಪುಟ್ಟ ಸೀಸೆಗಳಲ್ಲಿ ಮಾರುತ್ತಾರೆ. ಇದು ಔಷಧಿಯಲ್ಲ. ನುಂಗಿದರೆ ತೊಗರಿಬೇಳೆಯ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ಚುಚ್ಚಿಸಿಕೊಳ್ಳುವುದಂತೂ ಅಪಾಯ.

ಇನ್ನು ಏಳು ವರ್ಷದ ಲೆಕ್ಕ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಬದಲಾಗುತ್ತದೆ. ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು. ಆದರೆ ನಿಮ್ಮ ಕಣ್ಣಿನ ಮಸೂರದ ನಟ್ಟನಡುವಿನ ಪ್ರೋಟೀನು ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗ ತಯಾರಾದದ್ದು, ಇವತ್ತಿಗೂ ಅದೇ ಇದೆ.