ಚಿಕ್ಕದೇವರಾಜ ಒಡೆಯರ್: ಬೆಣ್ಣೆ ಚಾವಡಿ ಹಾಗೂ ಕಡಸುಗಳ ಪಾಲನೆ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಸಮಾಧಿಯಿರುವ ಹಿರಿಯ ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರನ್ನು, 1690ರ ಸುಮಾರಿಗೆ ಮೊಗಲರಿಂದ ಮೂರು ಲಕ್ಷ ರೂಪಾಯಿಗಳಿಗೆ ಪಡೆದು ಮೈಸೂರಿಗೆ ಸೇರಿಸಿದವರು ಚಿಕ್ಕದೇವರಾಜ ಒಡೆಯರ್. ಈ ಭಾಗದ ರೈತರು ಇಂದಿಗೂ ಸಾಕುತ್ತಿರುವ ಹಳ್ಳಿಕಾರ್ ರಾಸುಗಳ ಚರಿತ್ರೆಯಲ್ಲಿಯೂ ಅವರಿಗೆ ವಿಶಿಷ್ಟ ಸ್ಥಾನವಿದೆ.

1645ರಲ್ಲಿ ಜನಿಸಿದ ಅವರು ಯೌವನದ ಕೆಲವು ವರ್ಷಗಳನ್ನು ಹಂಗಳದಲ್ಲಿ ಕಳೆದು, 1673ರಲ್ಲಿ ಪಟ್ಟವೇರಿದರು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರ ಕಚೇರಿ ಹಾಗೂ ಅಂಚೆ ವ್ಯವಸ್ಥೆ ಅವರ ಕಾಲದವು. ತಿರುಮಲಾರ್ಯ, ಸಂಚಿ ಹೊನ್ನಮ್ಮ ಮೊದಲಾದವರು ಅವರ ಆಶ್ರಯದಲ್ಲಿದ್ದರು. ಕಂದಾಯದ ಭಾರ ತಾಳದೆ ರೈತರು ದಂಗೆಯೆದ್ದಾಗ ಅದನ್ನು ನಿಷ್ಠುರವಾಗಿ ಅಡಗಿಸಿದುದನ್ನೂ ಚರಿತ್ರೆ ಮರೆತಿಲ್ಲ.

ಶ್ರೀರಂಗಪಟ್ಟಣದ ವಿಜಯನಗರ ಪ್ರತಿನಿಧಿಗಳಿಂದ ಮೈಸೂರು ಅರಸರ ವಶಕ್ಕೆ ಬಂದಿದ್ದ ಹಳ್ಳಿಕಾರ್ ಹಸುಗಳ ಮಂದೆಯನ್ನು ಅವರು ವೃದ್ಧಿಪಡಿಸಿದರು. ರಾಜ್ಯದ ವಿವಿಧೆಡೆ ಮೇವಿಗಾಗಿ ಕಾವಲುಗಳನ್ನು ಮೀಸಲಿರಿಸಿ, ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ಬೆಣ್ಣೆ ಚಾವಡಿಯನ್ನು ರಚಿಸಿದರು. 1704ರಲ್ಲಿ ಅವರು ನಿಧನರಾದರು. ಬೆಣ್ಣೆ ಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎನಿಸಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವು ಅದೇ ಪರಂಪರೆಯದು.

ಅಮೃತ ಮಹಲ್ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆಂದು ಬೇರೆ ಬೇರೆಯಾಗಿ ಗುರುತಿಸಲಾಗಿತ್ತು. ಈ ಏರ್ಪಾಟಿನ ಬೆಲೆ ತಿಳಿಯುವುದು ಕಡಸುಗಳನ್ನು ಬೆಳೆಸುವಾಗ. ಕಡಸು ಮೊದಲ ಬಾರಿ ಬೆದೆಗೆ ಬರುವುದು ವಯಸ್ಸಿಗಿಂತ ಹೆಚ್ಚಾಗಿ ಮೈತೂಕವನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಬೆಳವಣಿಗೆ ನಿಲ್ಲುತ್ತದೆ, ಬೆದೆಯೂ ಮುಂದೆ ಹೋಗುತ್ತದೆ. ಕರುವಿಗೆ ಗಿಣ್ಣು ಹಾಲು, ತಾಯಿಹಾಲು ಸಾಲದಿದ್ದರೆ ಅಥವಾ ಜಂತುಬಾಧೆಯಿದ್ದರೆ ಫಲವೂ ಇದೇ. ನಮ್ಮ ಉಳುಮೆ ತಳಿಗಳ ಕಡಸುಗಳು ಮೊದಲ ಕರು ಹಾಕಲು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ವರ್ಷ ಹಿಡಿಯುತ್ತದೆ. ಸಾಕುವವರಿಗೆ ಅಷ್ಟು ಕಾಲವೂ ಖರ್ಚೇ ಹೊರತು ಆದಾಯವಿಲ್ಲ. ಹಾಗೆಂದು ತೂಕ ತುಂಬುವ ಮೊದಲೇ ಗರ್ಭ ಕಟ್ಟಿಸಿದರೆ ಕರು ಹಾಕುವಾಗ ಕಡಸಿನ ಪ್ರಾಣಕ್ಕೇ ಅಪಾಯ. ಕಡಸು ಪೂರ್ಣ ಬೆಳೆದ ಹಸುವಿನ ತೂಕದ ಶೇ 60ರಿಂದ 65ರಷ್ಟನ್ನು ತಲುಪಿರುವುದು ಅವಶ್ಯಕ.

ತೂಕದ ಅಂದಾಜು, ಜಂತುನಾಶಕ ಔಷಧ ಹಾಗೂ ಖನಿಜ ಮಿಶ್ರಣದ ಬಗ್ಗೆ ರೈತ ಬಾಂಧವರು ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಬಹುದು. ಕೃತಕ ಗರ್ಭಧಾರಣೆ ಬಯಸುವವರು ಬೆದೆ ಆರಂಭವಾದ 12ರಿಂದ 18 ಗಂಟೆಗಳ ಅವಧಿಯಲ್ಲಿ ಕಡಸನ್ನು ಕರೆತರಬೇಕು. ಈ ಅವಧಿ ತಪ್ಪಿದಲ್ಲಿ ಸುಮಾರು 21 ದಿನಗಳ ನಂತರ ಮತ್ತೆ ಬೆದೆಯ ಲಕ್ಷಣಗಳನ್ನು ಗಮನಿಸಬೇಕು.