ಶಾಂಪೂ ಎಂಬ ಮಾತಿನ ಹಿಂದಿದ್ದ ಕೈ: ಪಾಟ್ನಾದ ದೀನ್ ಮಹಮ್ಮದ್

ಅಂಗಡಿಗಳ ಕಪಾಟಿನಲ್ಲಿ ಶಾಂಪೂ ಬಾಟಲಿಗಳ ಪಕ್ಕದಲ್ಲೇ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಸ್ಥಾನ ಪಡೆದಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಹಿಡಿಕೆ, ಅದರ ಕೆಳಗೆ ಸಿಲಿಕೋನಿನ ಮೃದುವಾದ ಹಲ್ಲುಗಳು. ಹೆಸರು ಸ್ಕಾಲ್ಪ್ ಮಸಾಜರ್. ತಲೆಗೆ ಶಾಂಪೂ ಹಚ್ಚಿದ ಮೇಲೆ ಇದರಿಂದ ತಲೆಯ ಚರ್ಮವನ್ನು ಒತ್ತಿ ನೀವಿಕೊಳ್ಳಬೇಕಂತೆ. ಕೊಳ್ಳುವವರು ಇವೆರಡನ್ನೂ ಬೇರೆ ಬೇರೆ ಸರಕುಗಳೆಂದು ಭಾವಿಸುತ್ತಾರೆ. ಆದರೆ ಮೂಲದಲ್ಲಿ ಅವೆರಡೂ ಒಂದೇ. ಶಾಂಪೂ ಎಂಬ ಪದಕ್ಕೆ ಮೊದಲು ನೊರೆಯ ಅರ್ಥವಾಗಲೀ ಕೂದಲು ತೊಳೆಯುವ ಅರ್ಥವಾಗಲೀ ಇರಲಿಲ್ಲ. ಒತ್ತು, ಅದುಮು ಎಂಬ ಅರ್ಥವುಳ್ಳ ಹಿಂದಿಯ ಚಾಂಪೋ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ಶಾಂಪೂ ಆಯಿತು. 18ನೆಯ ಶತಮಾನದಲ್ಲೇ ಇಂಗ್ಲಿಷಿಗೆ ಸೇರಿದ್ದ ಈ ಪದವನ್ನು ಇಂಗ್ಲೆಂಡಿನಲ್ಲಿ ಮನೆಮಾತಾಗಿಸಿದವನು ಬಿಹಾರದ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್. ಐವತ್ತು ದಾಟಿದ ವಯಸ್ಸಿನಲ್ಲಿ ದಿವಾಳಿಯಾಗಿ, ತನ್ನ ಎರಡು ಕೈಗಳನ್ನೇ ಬಂಡವಾಳ ಮಾಡಿಕೊಂಡು ಮತ್ತೆ ಎದ್ದು ನಿಂತ ಈತನ ಬದುಕು ಅಚ್ಚರಿ ಹುಟ್ಟಿಸುವಂಥದ್ದು.

ಶಿಬಿರದಲ್ಲಿ ಕಳೆದ ಬಾಲ್ಯ

ದೀನ್ ಮಹಮ್ಮದ್ ಜನಿಸಿದ್ದು 1759ರಲ್ಲಿ. ಪ್ಲಾಸಿ ಕದನ ಮುಗಿದು ಆಗಿನ್ನೂ ಎರಡು ವರ್ಷವಾಗಿತ್ತು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದಲ್ಲಿ ಕೆಲಸಕ್ಕಿದ್ದ. ಕಂದಾಯ ವಸೂಲಿಯ ಸಂಬಂಧದಲ್ಲಿ ಸ್ಥಳೀಯ ರಾಜನೊಬ್ಬನೊಡನೆ ನಡೆದ ಕಾದಾಟದಲ್ಲಿ ಆತ ಮಡಿದಾಗ ಮಗನಿಗೆ ಹತ್ತು ವರ್ಷದ ಆಸುಪಾಸು. ಸಿಪಾಯಿಗಳ ಕೆಂಪು ಅಂಗಿ, ಕವಾಯತು, ಡೇರೆಗಳ ಸಾಲು ಇವೆಲ್ಲ ಬಾಲಕನ ಮನಸ್ಸನ್ನು ಸೆಳೆದಿದ್ದವು. ತಾಯಿಗೆ ಇಷ್ಟವಿಲ್ಲದಿದ್ದರೂ ಆತ ಗಾಡ್‌ಫ್ರೀ ಇವಾನ್ ಬೇಕರ್ ಎಂಬ ಐರಿಷ್ ಅಧಿಕಾರಿಯ ಬೆನ್ನು ಹಿಡಿದು ಸೈನ್ಯದ ಜೊತೆ ಹೊರಟೇಬಿಟ್ಟ.

ಬೇಕರನ ಹಿಂದೆ ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಲೇ ಆತ ಯುವಕನಾದ. ಕೊನೆಗೆ ಸುಬೇದಾರನ ಪದವಿಗೂ ಏರಿದ. ಭಾರತೀಯನೊಬ್ಬನಿಗೆ ಆ ಸೈನ್ಯದಲ್ಲಿ ಅದಕ್ಕಿಂತ ಮೇಲೆ ಏರುವ ದಾರಿ ಇಲ್ಲವೆನ್ನುವಷ್ಟು ಕಿರಿದಾಗಿತ್ತು. 1782ರಲ್ಲಿ ಬೇಕರ್ ಕಂಪನಿಯ ಸೇವೆ ಬಿಟ್ಟಾಗ ಮಹಮ್ಮದನೂ ಬಿಟ್ಟ. 1784ರಲ್ಲಿ ಇಬ್ಬರೂ ಹಡಗೇರಿ ಐರ್ಲೆಂಡಿನ ಕಾರ್ಕ್ ನಗರವನ್ನು ಸೇರಿದರು.

ಪ್ರೇಮ ಮತ್ತು ಪುಸ್ತಕ

ಕಾರ್ಕ್‌ನಲ್ಲಿ ಆತ ಇಂಗ್ಲಿಷ್ ಭಾಷೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ. ಅಲ್ಲಿಯೇ ಜೇನ್ ಡೇಲಿ ಎಂಬ ಐರಿಷ್ ತರುಣಿಯ ಪರಿಚಯವಾಯಿತು. ಊರಿನವರ ಒಪ್ಪಿಗೆ ಸಿಗುವ ಸಂಬಂಧ ಅದಾಗಿರಲಿಲ್ಲ. 1786ರಲ್ಲಿ ಇಬ್ಬರೂ ಊರು ಬಿಟ್ಟು ಹೋಗಿ ಮದುವೆಯಾದರು. ಮಹಮ್ಮದ್ ಆ ದೇಶದ ಆಂಗ್ಲಿಕನ್ ಕ್ರೈಸ್ತ ಪಂಥವನ್ನು ಸೇರಿದ, ತನ್ನ ಹೆಸರನ್ನು ಮಾತ್ರ ಬಿಡಲಿಲ್ಲ. ಮುಂದಿನ ಅರವತ್ತು ವರ್ಷಗಳ ಏಳುಬೀಳುಗಳಲ್ಲಿ ಜೇನ್ ಆತನ ಸರಿಜೋಡಿಯಾಗಿ ದುಡಿದಳು.

1794ರಲ್ಲಿ ಆತನ ಪ್ರವಾಸ ಕಥನ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಗೆಳೆಯನಿಗೆ ಬರೆದ ಪತ್ರಗಳ ರೂಪದಲ್ಲಿರುವ ಈ ಕೃತಿಯಲ್ಲಿ ತನ್ನ ಸೈನಿಕ ಜೀವನವನ್ನೂ ತಾನು ಕಂಡ ನಗರಗಳನ್ನೂ ಜನರ ರೀತಿನೀತಿಗಳನ್ನೂ ಆತ ವಿವರಿಸಿದ್ದಾನೆ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂದು ಇದನ್ನು ಇಂದು ಗುರುತಿಸಲಾಗುತ್ತದೆ. ಪುಸ್ತಕ ಹೆಸರು ತಂದಿತು, ಹೊಟ್ಟೆಪಾಡಿಗೆ ಆಗಲಿಲ್ಲ.

ಲಂಡನ್ನಿನಲ್ಲಿ ಕಂಡ ದಾರಿ, ತಪ್ಪಿದ ದಾರಿ

ಬೆಳೆಯುತ್ತಿದ್ದ ಸಂಸಾರದೊಡನೆ 1807ರ ಸುಮಾರಿಗೆ ಮಹಮ್ಮದ್ ಲಂಡನ್ನಿಗೆ ಬಂದ. ಭಾರತದಲ್ಲಿ ಅಪಾರ ಹಣ ಗಳಿಸಿ ಮರಳಿದ್ದ ಬೇಸಿಲ್ ಕಾಕ್ರೇನ್ ಎಂಬ ಶ್ರೀಮಂತ ಪೋರ್ಟ್‌ಮನ್ ಸ್ಕ್ವೇರಿನ ತನ್ನ ಮನೆಯಲ್ಲಿ ಹಬೆಸ್ನಾನದ ಗೃಹವನ್ನು ನಡೆಸುತ್ತಿದ್ದ. ಮಹಮ್ಮದ್ ಅಲ್ಲಿ ಕೆಲಸಕ್ಕೆ ಸೇರಿ, ಹಬೆಯಲ್ಲಿ ಬೆವೆತವರ ಮೈಯನ್ನು ಕೈಯಿಂದ ಒತ್ತಿ ನಾದುವ ಕ್ರಮವನ್ನು ಸೇರಿಸಿದ. ಕ್ಷೌರಿಕನು ಕೆಲಸ ಮುಗಿಸಿದ ಮೇಲೆ ತಲೆಯನ್ನೂ ಹೆಗಲನ್ನೂ ಒತ್ತಿ ತಟ್ಟುವುದು ಭಾರತದ ಊರೂರುಗಳಲ್ಲಿ ಎಲ್ಲರೂ ಕಂಡ ಸಂಗತಿ. ಕೀಲು ಬಿಗಿದುಕೊಂಡು ನರಳುತ್ತಿದ್ದ ಲಂಡನ್ನಿನ ಸಿರಿವಂತರಿಗೆ ಅದು ಹೊಸದಾಗಿತ್ತು.

ಆದರೆ ಸ್ವಂತ ಉದ್ಯಮದ ಆಸೆ ಆತನನ್ನು ಬೇರೆಡೆಗೆ ಎಳೆಯಿತು. 1810ರಲ್ಲಿ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ಎಂಬ ಭೋಜನಾಲಯವನ್ನು ತೆರೆದ. ಬೆತ್ತದ ಆಸನಗಳು, ಗೋಡೆಯ ಮೇಲೆ ಭಾರತದ ಚಿತ್ರಗಳು, ಭಾರತೀಯ ಅಡುಗೆ, ಹುಕ್ಕಾ ಸೇದಲು ಪ್ರತ್ಯೇಕ ಕೋಣೆ. ಬ್ರಿಟನ್ನಿನಲ್ಲಿ ಭಾರತೀಯನೊಬ್ಬ ತೆರೆದ ಮೊದಲ ಭಾರತೀಯ ಭೋಜನಾಲಯ ಇದು. ಭಾರತದಿಂದ ಮರಳಿದ ಸಾಹೇಬರ ನಾಲಿಗೆಯನ್ನು ನಂಬಿ ಹೂಡಿದ ಬಂಡವಾಳ ಹಿಂದಕ್ಕೆ ಬರಲಿಲ್ಲ. ಅವರಲ್ಲಿ ಅನೇಕರು ಮನೆಯಲ್ಲೇ ಅಂಥ ಅಡುಗೆ ಮಾಡಿಸಿಕೊಳ್ಳಬಲ್ಲವರಾಗಿದ್ದರು. 1812ರಲ್ಲಿ ಮಹಮ್ಮದ್ ದಿವಾಳಿಯೆಂದು ಘೋಷಿಸಿಕೊಳ್ಳಬೇಕಾಯಿತು. ಆಗ ಆತನಿಗೆ 53 ವರ್ಷ. ಮರುವರ್ಷ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಯಾವುದಾದರೂ ಸಿರಿವಂತರ ಮನೆಯಲ್ಲಿ ಸೇವಕನ ಕೆಲಸಕ್ಕಾಗಿ ಪ್ರಯತ್ನಿಸಿದ. ಸುಬೇದಾರನಾಗಿದ್ದವನು, ಗ್ರಂಥಕರ್ತನಾಗಿದ್ದವನು ಕೆಲಸಕ್ಕಾಗಿ ಕೈಯೊಡ್ಡುವ ಸ್ಥಿತಿ ಬಂದಿತ್ತು.

ಬ್ರೈಟನ್ನಿನ ಹಬೆ

1814ರಲ್ಲಿ ದಂಪತಿಗಳು ಕಡಲ ತೀರದ ಬ್ರೈಟನ್ನಿಗೆ ಬಂದರು. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ರಾಜಕುಮಾರನ ವಿಹಾರಸ್ಥಾನ ಅದು. ಸಮುದ್ರಸ್ನಾನದಿಂದ ರೋಗ ವಾಸಿಯಾಗುತ್ತದೆಂಬ ನಂಬಿಕೆಯಿಂದ ಅಲ್ಲಿಗೆ ಶ್ರೀಮಂತರ ದಂಡೇ ಬರುತ್ತಿತ್ತು. ಲಂಡನ್ನಿನಲ್ಲಿ ಕೈಬಿಟ್ಟಿದ್ದ ವಿದ್ಯೆಯನ್ನು ಮಹಮ್ಮದ್ ಇಲ್ಲಿ ಮತ್ತೆ ಕೈಗೆತ್ತಿಕೊಂಡ.

ಆತನ ಕ್ರಮ ಹೀಗಿತ್ತು. ಗಿಡಮೂಲಿಕೆಗಳನ್ನು ಸೇರಿಸಿದ ನೀರಿನ ಹಬೆಯಲ್ಲಿ ರೋಗಿಯನ್ನು ಕೂರಿಸಿ ಚೆನ್ನಾಗಿ ಬೆವರುವಂತೆ ಮಾಡುವುದು. ರೋಗಿಯ ಸುತ್ತ ಫ್ಲಾನೆಲ್ ಬಟ್ಟೆಯ ಡೇರೆ, ಆ ಡೇರೆಗೆ ತೋಳಿನಂಥ ರಂಧ್ರಗಳು. ಹೊರಗೆ ನಿಂತವನು ಆ ತೋಳುಗಳ ಮೂಲಕ ಕೈ ತೂರಿಸಿ ಒಳಗಿರುವವರ ಅಂಗಾಂಗಗಳನ್ನು ಒತ್ತಿ, ನಾದಿ, ನೀವುತ್ತಿದ್ದ. ಇದಕ್ಕೆ ಆತ ಇಟ್ಟ ಹೆಸರೇ ಶಾಂಪೂಯಿಂಗ್. ಕೂದಲು ತೊಳೆಯುವ ಮಾತು ಅಲ್ಲಿ ಇರಲೇ ಇಲ್ಲ.

ಮೊದಮೊದಲು ಜನ ಅನುಮಾನದಿಂದಲೇ ನೋಡಿದರು. ಬಂದವರು ಹಗುರಾಗಿ ಮರಳತೊಡಗಿದಂತೆ ಅನುಮಾನ ಕರಗಿತು. 1821ರಲ್ಲಿ ಕಡಲಿಗೆ ಎದುರಾಗಿ ಮಹಮ್ಮದ್ಸ್ ಬಾತ್ಸ್ ಎಂಬ ಭವ್ಯ ಸ್ನಾನಗೃಹ ಎದ್ದಿತು. ಮಹಿಳೆಯರ ವಿಭಾಗದ ಹೊಣೆ ಜೇನಳದು. ಅವಳೂ ಈ ವಿದ್ಯೆಯನ್ನು ಕಲಿತಿದ್ದಳು. ಗುಣಮುಖರಾದವರು ಬಿಟ್ಟುಹೋದ ಊರುಗೋಲುಗಳನ್ನು ಕಟ್ಟಡದಲ್ಲಿ ತೂಗುಹಾಕಲಾಗಿತ್ತು. ಅದಕ್ಕಿಂತ ಪರಿಣಾಮಕಾರಿಯಾದ ಜಾಹೀರಾತು ಬೇರೆ ಬೇಕಿರಲಿಲ್ಲ. ನಾಲ್ಕನೆಯ ಜಾರ್ಜ್ ಹಾಗೂ ಅವನ ನಂತರ ಬಂದ ನಾಲ್ಕನೆಯ ವಿಲಿಯಂ ಇಬ್ಬರೂ ಆತನನ್ನು ತಮ್ಮ ಶಾಂಪೂಯಿಂಗ್ ಸರ್ಜನ್ ಆಗಿ ನೇಮಿಸಿಕೊಂಡರು. ಊರಿನವರು ಆತನನ್ನು ಡಾಕ್ಟರ್ ಬ್ರೈಟನ್ ಎಂದೇ ಕರೆಯತೊಡಗಿದರು.

ನಿಜದ ಜೊತೆ ಬೆರೆತ ಸುಳ್ಳು

1822ರಲ್ಲಿ ತನ್ನ ಚಿಕಿತ್ಸೆಯ ಕುರಿತು ಆತ ಇನ್ನೊಂದು ಪುಸ್ತಕ ಹೊರತಂದ. ಆಸ್ತಮಾ, ಪಾರ್ಶ್ವವಾಯು, ಸಂಧಿವಾತ ಮುಂತಾದ ಹತ್ತಾರು ವ್ಯಾಧಿಗಳಿಗೆ ತನ್ನ ಕ್ರಮ ಪರಿಹಾರವೆಂದು ಅದರಲ್ಲಿ ಸಾರಿದ. ಇಲ್ಲಿಯೇ ಆತನ ಬದುಕಿನ ಕಹಿ ಭಾಗವೂ ಇದೆ. ವೈದ್ಯನೆಂದು ಜನ ನಂಬಲು ಸೈನಿಕನ ಹಿನ್ನೆಲೆ ಸಾಲದು. ಆದ್ದರಿಂದ ತಾನು ಹುಟ್ಟಿದ್ದು 1749ರಲ್ಲಿ ಎಂದು ಹತ್ತು ವರ್ಷ ಹಿಂದಕ್ಕೆ ಸರಿಸಿ, ಆ ಹತ್ತು ವರ್ಷಗಳಲ್ಲಿ ವೈದ್ಯವಿದ್ಯೆ ಕಲಿತಂತೆ ಬರೆದುಕೊಂಡ. 1794ರ ತನ್ನದೇ ಪುಸ್ತಕದಲ್ಲಿ ಅಂಥ ಶಿಕ್ಷಣದ ಸುಳಿವೇ ಇರಲಿಲ್ಲ.

ಇದನ್ನು ಕೇವಲ ವಂಚನೆಯೆಂದು ತಳ್ಳಿಹಾಕುವುದು ಸುಲಭ. ಒಮ್ಮೆ ದಿವಾಳಿಯಾಗಿದ್ದ ಪರದೇಶಿಯೊಬ್ಬನಿಗೆ ಎರಡನೆಯ ಸೋಲನ್ನು ತಾಳುವ ಶಕ್ತಿ ಇರಲಿಲ್ಲ ಎಂಬುದನ್ನೂ ಮರೆಯಲಾಗದು. ಆತನ ಕೈಯ ಗುಣ ನಿಜವಾಗಿತ್ತು. ಬಿಗಿದ ಸ್ನಾಯು ಹಬೆಯಲ್ಲಿ ಸಡಿಲವಾಗುತ್ತದೆ, ಒತ್ತಿದಾಗ ನೋವು ತಗ್ಗುತ್ತದೆ. ಆದರೆ ಮಾರುಕಟ್ಟೆಗೆ ಅಷ್ಟು ನಿಜ ಸಾಲಲಿಲ್ಲ. ಅದಕ್ಕೆ ಪದವಿಯೂ ಬೇಕಿತ್ತು, ಪವಾಡವೂ ಬೇಕಿತ್ತು.

ಇಳಿಗಾಲ

ಅನುಕರಿಸುವವರು ಹೆಚ್ಚಿದರು, ಕಾಲದ ಅಭಿರುಚಿ ಬದಲಾಯಿತು. ವಿಕ್ಟೋರಿಯಾ ರಾಣಿಗೆ ಬ್ರೈಟನ್ ಹಿಡಿಸಲಿಲ್ಲ, ರಾಜಪರಿವಾರದ ಆಸರೆ ತಪ್ಪಿತು. 1840ರ ದಶಕದಲ್ಲಿ ಕಡಲ ತೀರದ ದೊಡ್ಡ ಸ್ನಾನಗೃಹ ಮಹಮ್ಮದನ ಕೈಬಿಟ್ಟಿತು. 1850ರ ಡಿಸೆಂಬರಿನಲ್ಲಿ ಜೇನ್ ತೀರಿಕೊಂಡಳು. ಎರಡೇ ತಿಂಗಳಲ್ಲಿ, 1851ರ ಫೆಬ್ರವರಿ 24ರಂದು, ಆತನೂ ಕಣ್ಣುಮುಚ್ಚಿದ. ಬ್ರೈಟನ್ನಿನ ಸೇಂಟ್ ನಿಕೊಲಸ್ ಚರ್ಚಿನ ಆವರಣದಲ್ಲಿ ಆತನ ಸಮಾಧಿ ಇದೆ.

ಅಜ್ಜ ಸುಳ್ಳಾಗಿ ಹೇಳಿಕೊಂಡದ್ದನ್ನು ಮೊಮ್ಮಗ ನಿಜ ಮಾಡಿದ. 1849ರಲ್ಲಿ ಹುಟ್ಟಿದ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯನಾಗಿ, ನಾಡಿಯ ಬಡಿತವನ್ನು ದಾಖಲಿಸುವ ಉಪಕರಣವನ್ನು ಸುಧಾರಿಸಿದ. ಮೂತ್ರಪಿಂಡದ ಕಾಯಿಲೆ ಇಲ್ಲದವರಲ್ಲೂ ಅಧಿಕ ರಕ್ತದೊತ್ತಡ ಇರಬಹುದೆಂದು ತೋರಿಸಿದ. 1884ರಲ್ಲಿ ತೀರಾ ಎಳೆಯ ವಯಸ್ಸಿನಲ್ಲಿ ತೀರಿಕೊಂಡರೂ ರಕ್ತದೊತ್ತಡದ ಅಧ್ಯಯನದಲ್ಲಿ ಅವನ ಹೆಸರು ಉಳಿದಿದೆ.

ಅಜ್ಜನನ್ನು ಲೋಕ ಬಹುಕಾಲ ಮರೆತಿತ್ತು. ಇತಿಹಾಸಕಾರ ಮೈಕೆಲ್ ಫಿಶರ್ 1990ರ ದಶಕದಲ್ಲಿ ನಡೆಸಿದ ಸಂಶೋಧನೆ ಆತನನ್ನು ಮತ್ತೆ ಬೆಳಕಿಗೆ ತಂದಿತು. 2005ರಲ್ಲಿ ಜಾರ್ಜ್ ಸ್ಟ್ರೀಟಿನಲ್ಲಿ ಕಾಫಿ ಹೌಸಿನ ನೆನಪಿಗೆ ಫಲಕ ಹಾಕಲಾಯಿತು. 2019ರ ಜನವರಿ 15ರಂದು ಗೂಗಲ್ ತನ್ನ ಮುಖಪುಟದಲ್ಲಿ ಆತನ ಚಿತ್ರವನ್ನು ಪ್ರಕಟಿಸಿತು.

ಮಾತು ಸಾಗಿದ ದಾರಿ

ಮಹಮ್ಮದನ ನಂತರ ಶಾಂಪೂ ಎಂಬ ಮಾತು ಮೈಯಿಂದ ತಲೆಗೆ ಏರಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕೇಶಾಲಂಕಾರದವರು ಸೋಪಿನ ನೀರಿನಿಂದ ತಲೆಯನ್ನು ಉಜ್ಜಿ ತೊಳೆಯುವ ಕೆಲಸಕ್ಕೆ ಈ ಹೆಸರು ಬಳಸಿದರು. ಬರಬರುತ್ತಾ ಕೆಲಸದ ಹೆಸರು ಸರಕಿನ ಹೆಸರಾಯಿತು. ಬಾಟಲಿ ಉಳಿಯಿತು, ಒತ್ತುವ ಕೈ ಮರೆಯಾಯಿತು. ಮರೆಯಾದ ಆ ಕೈಯೇ ಈಗ ಸಿಲಿಕೋನಿನ ಹಲ್ಲು ತಳೆದು ಕಪಾಟಿಗೆ ಮರಳಿದೆ.

ಅದನ್ನು ಆರಿಸುವವರಿಗೆ ಆ ಹಳೆಯ ಪದದ ಅರ್ಥವೇ ಒಳ್ಳೆಯ ಮಾರ್ಗದರ್ಶಿ. ಚಾಂಪೋ ಎಂದರೆ ಒತ್ತು, ಕೆರೆ ಎಂದಲ್ಲ. ಹಲ್ಲುಗಳು ಬೆರಳ ತುದಿಯಷ್ಟು ಮೃದುವಾಗಿರಬೇಕು, ತುದಿ ದುಂಡಾಗಿರಬೇಕು. ಹಲ್ಲನ್ನು ಚರ್ಮದ ಮೇಲೆ ಊರಿ, ಕೂದಲನ್ನು ಎಳೆಯದೆ ಚರ್ಮವೇ ಮೆಲ್ಲನೆ ಕದಲುವಂತೆ ಆಡಿಸಬೇಕು. ಉದ್ದ, ಗುಂಗುರು ಕೂದಲಿಗೆ ಹಲ್ಲುಗಳ ನಡುವೆ ಹೆಚ್ಚು ಅಂತರವಿರುವುದು ಲೇಸು, ಇಲ್ಲವಾದರೆ ಸಿಕ್ಕಾಗಿ ಕೂದಲು ಕಿತ್ತುಬರುತ್ತದೆ. ತಂತಿಗಳುಳ್ಳ ಸಾಧನ ಹಿತ ಕೊಡುತ್ತದೆ, ಆದರೆ ಹೊಟ್ಟನ್ನೂ ಜಿಡ್ಡನ್ನೂ ತೆಗೆಯುವ ಕೆಲಸಕ್ಕೆ ಬಾರದು. ಬ್ಯಾಟರಿಯದನ್ನು ಸ್ನಾನದಲ್ಲಿ ಬಳಸುವುದಾದರೆ ಅದು ನೀರು ತಾಳುವಂಥದ್ದಾಗಿರಬೇಕು. ಪ್ರತಿ ಬಳಕೆಯ ನಂತರ ತೊಳೆದು ಒಣಗಿಸಬೇಕು. ಹೇನು, ಹುಳುಕಡ್ಡಿ ಹರಡುವ ಭಯವಿರುವುದರಿಂದ ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ತಲೆಯಲ್ಲಿ ಗಾಯ, ಉರಿ, ಸೋರಿಯಾಸಿಸ್ ಇದ್ದವರು ಮೊದಲು ಚರ್ಮವೈದ್ಯರನ್ನು ಕಾಣುವುದು ಒಳಿತು.

ಉಳಿದದ್ದು ಊರುಗೋಲುಗಳ ಪ್ರಶ್ನೆ. ಬೋಳುತಲೆಯಲ್ಲಿ ಕೂದಲು ಬೆಳೆಸುವ ಭರವಸೆ ಅನೇಕ ಪೊಟ್ಟಣಗಳ ಮೇಲೆ ಅಚ್ಚಾಗಿರುತ್ತದೆ. 2016ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ದಿನಕ್ಕೆ 4 ನಿಮಿಷದಂತೆ 24 ವಾರ ತಲೆ ಮಸಾಜ್ ಮಾಡಿಸಿಕೊಂಡವರ ಕೂದಲಿನ ದಪ್ಪ ಹೆಚ್ಚಿದ್ದು ನಿಜ. ಆದರೆ ಅದರಲ್ಲಿ ಭಾಗವಹಿಸಿದ್ದವರು ಕೇವಲ 9 ಮಂದಿ ಆರೋಗ್ಯವಂತ ಪುರುಷರು. ಅಷ್ಟರಿಂದ ಪವಾಡವನ್ನು ನಿರೀಕ್ಷಿಸಲಾಗದು. ತಲೆ ಹಗುರಾಗುವುದು, ಹೊಟ್ಟು ಸಡಿಲವಾಗುವುದು, ದಿನದ ದಣಿವು ಇಳಿಯುವುದು ಇವಿಷ್ಟನ್ನು ನಿರೀಕ್ಷಿಸಿ ಕೊಂಡವರಿಗೆ ನಿರಾಶೆಯಾಗದು.

ಬ್ರೈಟನ್ನಿನ ವಸ್ತುಸಂಗ್ರಹಾಲಯದಲ್ಲಿ ದೀನ್ ಮಹಮ್ಮದನ ವರ್ಣಚಿತ್ರವಿದೆ. ಒಳ್ಳೆಯ ಉಡುಪಿನಲ್ಲಿ, ಗೌರವಸ್ಥನಂತೆ ಆತ ಅಲ್ಲಿದ್ದಾನೆ. ಹೇಳಿಕೊಂಡ ಪದವಿಗಳನ್ನು ಕಾಲ ಅಳಿಸಿಹಾಕಿದೆ. ಫ್ಲಾನೆಲ್ ಡೇರೆಯೊಳಗೆ ತೂರಿ, ನೊಂದವರ ಮೈಯನ್ನು ತಾಳ್ಮೆಯಿಂದ ಒತ್ತಿದ ಕೈಗಳ ನೆನಪು ಮಾತ್ರ ಒಂದು ಪದವಾಗಿ ಜಗತ್ತಿನ ಸ್ನಾನಗೃಹಗಳಲ್ಲಿ ಇಂದಿಗೂ ಉಳಿದಿದೆ.