ಜಿಮ್ ಕಾರ್ಬೆಟ್: ಬೇಟೆಗಾರನ ಹೃದಯ ಪರಿವರ್ತನೆ

ಕಾಡುಮೃಗಗಳನ್ನು ಕೊಲ್ಲುವುದರಲ್ಲಿ ನಿಸ್ಸೀಮರೆನಿಸಿದವರೇ ಮುಂದೆ ಅವುಗಳ ರಕ್ಷಣೆಗೆ ಕಂಕಣಬದ್ಧರಾದ ನಿದರ್ಶನಗಳು ವಿರಳ. ಅಂಥವರಲ್ಲಿ ಜಿಮ್ ಕಾರ್ಬೆಟ್ ಅವರು ಅಗ್ರಗಣ್ಯರು.

ಅವರು 1875ನೆಯ ಇಸವಿ ಜುಲೈ 25ರಂದು ಹಿಮಾಲಯದ ಮಡಿಲಿನ ನೈನಿತಾಲದಲ್ಲಿ ಜನಿಸಿದರು. ತಂದೆ ಅಲ್ಲಿಯ ಪೋಸ್ಟ್ ಮಾಸ್ತರರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಚಳಿಗಾಲದಲ್ಲಿ ಕುಟುಂಬವು ತಪ್ಪಲಿನ ಕಾಲಾಢೂಂಗಿಗೆ ಇಳಿದು ಬರುತ್ತಿತ್ತು. ಅಲ್ಲಿಯ ಅರಣ್ಯವೇ ಬಾಲಕನ ಪಾಠಶಾಲೆಯಾಯಿತು. ಒಂದು ನಳಿಗೆ ಸೀಳಿಹೋಗಿದ್ದ ಹಳೆಯ ಜೋಡುನಳಿಗೆಯ ಕೋವಿಯೇ ಅವರ ಮೊದಲ ಆಯುಧ. ಮುಂದೆ ರೈಲ್ವೆ ಇಲಾಖೆಯನ್ನು ಸೇರಿ, ಗಂಗಾತೀರದ ಮೊಕಾಮೆ ಘಾಟಿನಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದರು.

1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಲ್ಲುವ ಹೊಣೆ ಅವರ ಮೇಲೆ ಬಿದ್ದಿತು. ನೇಪಾಳ ಮತ್ತು ಕುಮಾವೂಂ ಪ್ರದೇಶಗಳಲ್ಲಿ ಅದು 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಲೆಕ್ಕ. ಸರ್ಕಾರವು ಘೋಷಿಸಿದ ಬಹುಮಾನವನ್ನು ರದ್ದುಗೊಳಿಸಬೇಕು, ಉಳಿದ ಬೇಟೆಗಾರರನ್ನು ಹಿಂದಕ್ಕೆ ಕರೆಸಬೇಕು ಎಂಬ ಎರಡು ಷರತ್ತುಗಳನ್ನು ವಿಧಿಸಿಯೇ ಅವರು ಹೊರಟರು. ಹಣಕ್ಕಾಗಿ ಕೊಲ್ಲುವವರ ಸಾಲಿಗೆ ಸೇರಲು ಅವರಿಗೆ ಮನಸ್ಸಿರಲಿಲ್ಲ. ಹುಲಿ ಸತ್ತ ಮೇಲೆ ಪರೀಕ್ಷಿಸಿದಾಗ ಅದರ ಬಲಭಾಗದ ಕೋರೆಹಲ್ಲುಗಳು ಮುರಿದಿರುವುದು ಕಂಡಿತು. ಯಾರೋ ಹಿಂದೆ ಹಾರಿಸಿದ ಗುಂಡಿನ ಫಲವದು. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರತ್ತ ತಿರುಗಿತ್ತು. ಮುಕ್ತೇಶ್ವರದ ಹುಲಿಯಾದರೋ ಮುಳ್ಳುಹಂದಿಯೊಡನೆ ಕಾದಾಡಿ ಒಂದು ಕಣ್ಣನ್ನು ಕಳೆದುಕೊಂಡಿತ್ತು. ಸುಮಾರು 50 ಮುಳ್ಳುಗಳು ಅದರ ಮೈಯಲ್ಲಿ ನೆಟ್ಟಿದ್ದವು. ಹುಲಿಯು ಹುಟ್ಟಿನಿಂದ ನರಭಕ್ಷಕವಲ್ಲ, ಗಾಯವೋ ಮುಪ್ಪೋ ಅದನ್ನು ಹಾಗೆ ಮಾಡುತ್ತದೆ, ಆ ಗಾಯ ಎಷ್ಟೋ ವೇಳೆ ಅಜಾಗರೂಕ ಬೇಟೆಗಾರನದೇ ಆಗಿರುತ್ತದೆ ಎಂಬ ಸತ್ಯ ಅವರಿಗೆ ಮನದಟ್ಟಾಯಿತು.

ಆದರೂ ಈ ಪರಿವರ್ತನೆ ಒಂದೇ ದಿನದಲ್ಲಿ ಆದುದಲ್ಲ. ಎಂಟು ವರ್ಷಗಳಲ್ಲಿ 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆಯನ್ನು 1926ರಲ್ಲಿ ಕೊಂದುದು ಲೋಕೋಪಕಾರ. ಆದರೆ 1930ರಲ್ಲಿ ಅವರ ಗುಂಡಿಗೆ ಬಲಿಯಾದ ಪೊವಾಲಗಢದ ಭಾರಿ ಹುಲಿ ನರಭಕ್ಷಕವಾಗಿರಲಿಲ್ಲ. ವೈಸರಾಯರ ಬೇಟೆಗಳಿಗೂ ಅವರು ನೆರವಾದರು. ಇದನ್ನು ಮರೆಮಾಚುವುದು ಚರಿತ್ರೆಗೆ ನ್ಯಾಯವಲ್ಲ. ಅರಣ್ಯಾಧಿಕಾರಿ ಚಾಂಪಿಯನ್ ಅವರ ವನ್ಯಮೃಗ ಛಾಯಾಚಿತ್ರಗಳಿಂದ ಪ್ರೇರಿತರಾಗಿ ಅವರು ಕ್ರಮೇಣ ಕೋವಿಗೆ ಬದಲಾಗಿ ಚಲನಚಿತ್ರ ಕ್ಯಾಮೆರಾವನ್ನು ಕೈಗೆತ್ತಿಕೊಂಡರು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಾಡಿನ ಮಹತ್ವವನ್ನು ತಿಳಿಸಿದರು. 1936ರಲ್ಲಿ ಹೇಲಿ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಗುವುದಕ್ಕೆ ಶ್ರಮಿಸಿದರು. 1938ರಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಠಾಕ್ ಗ್ರಾಮದ ನರಭಕ್ಷಕ ಹುಲಿಯನ್ನು ಕೊಂದು ಆ ಕಾರ್ಯಕ್ಕೆ ಮಂಗಳ ಹಾಡಿದರು.

1947ರಲ್ಲಿ ಕೀನ್ಯಾಕ್ಕೆ ತೆರಳಿದ ಅವರು 1955ರ ಏಪ್ರಿಲ್ 19ರಂದು ಅಲ್ಲಿಯ ನ್ಯೇರಿಯಲ್ಲಿ ದಿವಂಗತರಾದರು. ಹೇಲಿ ಉದ್ಯಾನಕ್ಕೆ ತರುವಾಯ ಅವರ ಹೆಸರನ್ನೇ ಇಡಲಾಯಿತು. 1973ರಲ್ಲಿ ಹುಲಿ ಯೋಜನೆ ಉದ್ಘಾಟನೆಗೊಂಡುದೂ ಅಲ್ಲಿಯೇ. ಅದರ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ನಮ್ಮ ಬಂಡೀಪುರವೂ ಒಂದು.

ಜೀವದಯೆಯನ್ನು ಧರ್ಮದ ತಳಹದಿಯಾಗಿ ಕಂಡ ಶರಣರ ನಾಡಿನವರಾದ ನಮಗೆ ಈ ಜೀವನವು ಮನನಯೋಗ್ಯವಾಗಿದೆ. ಕ್ರೂರವೆಂದು ಜಗತ್ತು ದೂಷಿಸಿದ ಪ್ರಾಣಿಯ ಮೈಯಲ್ಲಿ ಅವರು ಗಾಯವನ್ನು ಹುಡುಕಿದರು. ತಪ್ಪು ಮಾಡಿದವನನ್ನು ಕಂಡಾಗ ಅವನ ಗಾಯವೆಲ್ಲಿದೆಯೆಂದು ನೋಡುವ ದೃಷ್ಟಿ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಬಂದರೆ, ವಿದ್ಯೆ ಸಾರ್ಥಕವಾದಂತೆ.